ಚಾರ್ಟ್ ಯಾವಾಗಲೂ ಕಂಟ್ರೋಲ್‌ನಲ್ಲೇ ಇದೆ, ಆದರೂ ರಿಜೆಕ್ಟ್ ನಿಲ್ಲುತ್ತಿಲ್ಲ. ಎಸ್‌ಕ್ಯೂಸಿ (ಸ್ಟ್ಯಾಟಿಸ್ಟಿಕಲ್ ಕ್ವಾಲಿಟಿ ಕಂಟ್ರೋಲ್) ಎಲ್ಲಿಂದ ಕಲಿಯಲಿ?

ಹೊಸಬ_ಕ್ವಾಲಿಟಿ

ಎಲ್ಲರಿಗೂ ನಮಸ್ಕಾರ. ಮೆಷಿನ್ ಶಾಪ್ ಒಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಸ್ಟ್ಯಾಟಿಸ್ಟಿಕ್ಸ್ ಅಂದರೆ ಪರೀಕ್ಷೆಗೆ ಓದಿ ಅಲ್ಲೇ ಬಿಟ್ಟು ಬಂದ ಪಾಠ. ಈಗ ಒಂದು ಷಾಫ್ಟ್‌ನ ಏರುಪೇರು ಕಡಿಮೆ ಮಾಡು ಅಂತ ನನಗೆ ಒಪ್ಪಿಸಿದ್ದಾರೆ.

ಡ್ರಾಯಿಂಗ್‌ನಲ್ಲಿ ವ್ಯಾಸ 25.000 ಮಿಮೀ, ಪ್ಲಸ್ ಮೈನಸ್ 0.020. ಗಂಟೆಗೊಮ್ಮೆ ಸಾಲಾಗಿ ಬಂದ 5 ಪೀಸ್ ಅಳೆದು ಸರಾಸರಿ ಮತ್ತು ರೇಂಜ್ (ಐದರಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ಇರುವ ವ್ಯತ್ಯಾಸ) ಚಾರ್ಟ್ ಹಾಕುತ್ತೇವೆ. ಎಕ್ಸೆಲ್ ಶೀಟ್ ನಾನು ಬರುವ ಮೊದಲೇ ಇತ್ತು, ನಾನು ಸುಮ್ನೆ ಅಂಕಿ ತುಂಬುತ್ತೇನೆ. ಒಟ್ಟು ಸರಾಸರಿ 25.004, ರೇಂಜ್‌ಗಳ ಸರಾಸರಿ 0.012, ಎಲ್ಲ ರೀಡಿಂಗ್ ಒಟ್ಟಿಗೆ ಹಾಕಿದರೆ ಸ್ಟ್ಯಾಂಡರ್ಡ್ ಡೀವಿಯೇಷನ್ (ಹರಡಿನ ಅಳತೆ, ಸಿಗ್ಮಾ ಅಂತಲೂ ಅನ್ನುತ್ತಾರೆ) 0.0075. ಸರಾಸರಿ ಚಾರ್ಟಿಗೆ ಶೀಟ್ ಹಾಕಿಕೊಡುವ ಕಂಟ್ರೋಲ್ ಗೆರೆಗಳು (ಚುಕ್ಕೆ ಇವನ್ನು ದಾಟಿದರೆ ಏನೋ ಕೆಟ್ಟಿದೆ ಅಂತ) 25.022 ಮತ್ತು 24.986. ಒಂದು ಚುಕ್ಕೆಯೂ ಹೊರಗೆ ಹೋಗುವುದಿಲ್ಲ. ಆದರೆ ರಿಜೆಕ್ಟ್ ಮಾತ್ರ ಬರುತ್ತಲೇ ಇದೆ. ಅದೂ ಹೆಚ್ಚಾಗಿ ದಪ್ಪದ ಕಡೆಗೆ.

ಕಂಟ್ರೋಲ್‌ನಲ್ಲಿರುವ ಪ್ರೊಸೆಸ್ ಹೀಗೆ ಮಾಡುವುದು ಸಾಧ್ಯವಾ? ಮತ್ತೆ ಈ ವಿಷಯವನ್ನು ಮೊದಲಿಂದ ಸರಿಯಾಗಿ ಕಲಿಯಬೇಕು ಅಂದರೆ ಯಾವ ದಾರಿ ಹಿಡಿಯಲಿ?

ಹಳೇಲೇತ್

ಕಲಿಯುವ ಮಾತು ಆಮೇಲೆ. ಮೊದಲು ನಿಮ್ಮ ಗೆರೆಗಳನ್ನೇ ನೋಡಿ. ಮೇಲಿನ ಕಂಟ್ರೋಲ್ ಗೆರೆ 25.022, ಡ್ರಾಯಿಂಗ್ ಮಿತಿ 25.020. ಐದು ಪೀಸಿನ ಸರಾಸರಿಯೇ ಡ್ರಾಯಿಂಗ್ ದಾಟಿ ಹೋದರೂ ನಿಮ್ಮ ಚಾರ್ಟ್ ಬಾಯಿ ಬಿಡುವುದಿಲ್ಲ!

ಏನಾಗಿದೆ ಅಂದರೆ, ಶೀಟ್ ಬರೆದವರು ಗಂಟೆಗೊಂದರಂತೆ ಬಂದ ಸರಾಸರಿಗಳ ಪಟ್ಟಿಗೇ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆದು ಅದನ್ನು 3ರಿಂದ ಗುಣಿಸಿದ್ದಾರೆ. 0.006 ಇಂಟು 3, 0.018. ಹಾಗೆ ಮಾಡಿದರೆ ಪ್ರೊಸೆಸ್ ಎಷ್ಟು ಕುಣಿಯುತ್ತದೋ ಗೆರೆಗಳೂ ಅಷ್ಟೇ ದೂರ ಓಡುತ್ತವೆ. ಚುಕ್ಕೆ ಹೊರಗೆ ಹೋಗುವುದಾದರೂ ಹೇಗೆ?

ಗೆರೆ ಬರಬೇಕಾದದ್ದು ಸಬ್‌ಗ್ರೂಪಿನ (ಒಟ್ಟಿಗೆ ಅಳೆದ 5 ಪೀಸಿನ ಗುಂಪು) ಒಳಗಿನ ಏರುಪೇರಿನಿಂದ, ಅಂದರೆ ರೇಂಜ್‌ನಿಂದ. 5 ಪೀಸಿನ ಸಬ್‌ಗ್ರೂಪಿಗೆ ಎ2 ಅಂಶ (ಕೋಷ್ಟಕದಲ್ಲಿ ಸಿಗುವ ಗುಣಕ) 0.577. ಅದನ್ನು 0.012ರಿಂದ ಗುಣಿಸಿದರೆ 0.0069. ಗೆರೆಗಳು 25.011 ಮತ್ತು 24.997. ರೇಂಜ್ ಚಾರ್ಟಿಗೆ ಡಿ4 ಅಂಶ 2.114, ಮೇಲಿನ ಗೆರೆ 0.025, ಕೆಳಗಿನದು ಸೊನ್ನೆ. ಹಳೇ ಚುಕ್ಕೆಗಳನ್ನು ಈ ಗೆರೆಗಳ ನಡುವೆ ಇಟ್ಟು ಏನು ಕಾಣುತ್ತದೆ ಅಂತ ಬಂದು ಹೇಳಿ.

ಹೊಸಬ_ಕ್ವಾಲಿಟಿ

ಇಟ್ಟು ನೋಡಿದೆ. ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು ಚುಕ್ಕೆ ಹೊರಗಿದೆ, ಮೇಲೂ ಇದೆ ಕೆಳಗೂ ಇದೆ. ರೇಂಜ್ ಚಾರ್ಟ್ ಮಾತ್ರ ತಣ್ಣಗಿದೆ, ಅಲ್ಲಿ ಏನೂ ಹೊರಗಿಲ್ಲ. ಇದನ್ನು ಸಾಹೇಬರಿಗೆ ತೋರಿಸಿದರೆ ‘ನೀನು ಬಂದ ಮೇಲೆ ಹಾಳಾಯಿತು’ ಅನ್ನುತ್ತಾರೇನೋ.

ಗೇಜುಗಣ್ಣು

ಎಲ್ಲರೂ ಚಾರ್ಟಿಗೆ ಹಾರುತ್ತಿದ್ದೀರಿ. ಅಳತೆ ಸರಿ ಇದೆ ಅಂತ ಹೇಳಿದ್ದು ಯಾರು? ಗೇಜ್ ಆರ್ ಅಂಡ್ ಆರ್ (ಗೇಜೂ ಅಳೆಯುವವರೂ ಸೇರಿ ಎಷ್ಟು ಏರುಪೇರು ತರುತ್ತಾರೆ ಅನ್ನುವ ಪರೀಕ್ಷೆ) ಮಾಡಿದ್ದೀರಾ? 10 ಪೀಸ್, 3 ಜನ, ಒಬ್ಬೊಬ್ಬರು 2-3 ಸಲ. ಶೇ 10ಕ್ಕಿಂತ ಕಡಿಮೆ ಇದ್ದರೆ ಸರಿ, 10ರಿಂದ 30 ಇದ್ದರೆ ಯೋಚಿಸಿ, 30 ದಾಟಿದರೆ ಆ ಗೇಜ್ ಇಟ್ಟುಕೊಂಡು ಚಾರ್ಟ್ ಹಾಕುವುದೇ ದಂಡ. ಮೊದಲು ಗೇಜ್, ಆಮೇಲೆ ಮಿಕ್ಕಿದ್ದು. ನಾನು ಇದನ್ನು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ಹೊಸಬ_ಕ್ವಾಲಿಟಿ

ಮಾಡಿದ್ದಾರೆ ಸರ್, ರಿಪೋರ್ಟ್ ಇದೆ. ಗೇಜಿನ ಸಿಗ್ಮಾ 2 ಮೈಕ್ರಾನ್ (1 ಮೈಕ್ರಾನ್ ಅಂದರೆ 0.001 ಮಿಮೀ). ಅದರ 6 ಪಟ್ಟನ್ನು ಟಾಲರೆನ್ಸಿಗೆ, ಅಂದರೆ ಡ್ರಾಯಿಂಗ್ ಬಿಟ್ಟ 40 ಮೈಕ್ರಾನ್‌ಗೆ, ಹೋಲಿಸಿದರೆ ಶೇ 30 ಅಂತ ಬರೆದಿದ್ದಾರೆ. ಗೇಜಿನ ಲೀಸ್ಟ್ ಕೌಂಟ್ (ಅದು ತೋರಿಸಬಲ್ಲ ಅತಿ ಸಣ್ಣ ಅಳತೆ) 1 ಮೈಕ್ರಾನ್.

ಗೇಜುಗಣ್ಣು

ನೋಡಿದಿರಾ! ಶೇ 30. ಅಂಚಿನಲ್ಲೇ ಇದೆ. ಗೇಜ್ ಬದಲಾಯಿಸಿ.

ಅಂಕಿಅಕ್ಕ

ಸ್ವಲ್ಪ ತಡೆಯಿರಿ, ಹೊಸ ಗೇಜ್ ಕೊಳ್ಳುವ ಮುಂಚೆ ಲೆಕ್ಕ ಹಾಕೋಣ. ಇಲ್ಲಿ ನೆನಪಿಡಬೇಕಾದ ಒಂದೇ ಸಂಗತಿ: ಸಿಗ್ಮಾಗಳನ್ನು ಕೂಡಿಸಬಾರದು, ಅವುಗಳ ವರ್ಗವನ್ನು ಕೂಡಿಸಬೇಕು. 3 ಮತ್ತು 4 ಸೇರಿದರೆ 7 ಅಲ್ಲ, 5.

ಎಲ್ಲವನ್ನೂ ಮೈಕ್ರಾನ್‌ನಲ್ಲಿ ಬರೆಯುತ್ತೇನೆ. ಸಬ್‌ಗ್ರೂಪಿನ ಒಳಗಿನ ಸಿಗ್ಮಾ ಅಂದರೆ ಸರಾಸರಿ ರೇಂಜ್ 12 ಭಾಗ 2.326, ಅದು 5.16. (2.326 ಅನ್ನುವುದು 5 ಪೀಸಿಗೆ ಇರುವ ಡಿ2 ಅಂಶ.) ವರ್ಗ ಮಾಡಿದರೆ 26.6. ಎಲ್ಲ ರೀಡಿಂಗ್ ಸೇರಿಸಿದ ಸಿಗ್ಮಾ 7.5, ವರ್ಗ 56.25. ನಡುವೆ ಉಳಿದದ್ದು 29.6. ಇದು ಒಂದು ಗಂಟೆಗೂ ಇನ್ನೊಂದು ಗಂಟೆಗೂ ನಡುವೆ ಹುಟ್ಟಿದ ಏರುಪೇರು. ಒಟ್ಟು ಏರುಪೇರಿನ ಅರ್ಧಕ್ಕಿಂತ ಜಾಸ್ತಿ ಇದೇ.

ಈಗ ಗೇಜ್. ಅದರ ವರ್ಗ 4. ಒಳಗಿನ 26.6ರಲ್ಲಿ ಶೇ 15, ಒಟ್ಟು 56.25ರಲ್ಲಿ ಶೇ 7. ಗೇಜ್ ದೋಷವನ್ನು ಪೂರ್ತಿ ಸೊನ್ನೆ ಮಾಡಿದರೂ ಒಟ್ಟು ಸಿಗ್ಮಾ 7.5ರಿಂದ 7.2ಕ್ಕೆ ಇಳಿಯುತ್ತದೆ, ಅಷ್ಟೇ. ಗಂಟೆ ಗಂಟೆಯ ನಡುವಿನದನ್ನು ತೆಗೆದರೆ 7.5ರಿಂದ 5.2ಕ್ಕೆ ಬರುತ್ತೀರಿ. ಎಲ್ಲಿ ಕೈ ಹಾಕಬೇಕು ಅನ್ನುವುದು ಇದರಲ್ಲೇ ಇದೆ ಅಲ್ವಾ?

ಗೇಜುಗಣ್ಣು ಅವರು ಹೇಳಿದ್ದು ತಪ್ಪು ಅಂತ ಅಲ್ಲ. ಇದೇ ಗೇಜಿನ ಲೀಸ್ಟ್ ಕೌಂಟ್ 10 ಮೈಕ್ರಾನ್ ಇದ್ದಿದ್ದರೆ ರೇಂಜಿಗೆ 0, 10, 20 ಅಂತ ಮೂರೇ ಬೆಲೆ ಸಿಗುತ್ತಿತ್ತು, ಚಾರ್ಟ್ ಕಣ್ಣಿದ್ದೂ ಕುರುಡಾಗುತ್ತಿತ್ತು. ಈ ಕೇಸಿನಲ್ಲಿ ಹಾಗಿಲ್ಲ. ಆದರೆ ಮಿತಿಯ ಹತ್ತಿರದ ಪೀಸನ್ನು ಪಾಸು ಮಾಡುವಾಗ, ಫೇಲು ಮಾಡುವಾಗ ಆ 2 ಮೈಕ್ರಾನ್ ಕಾಟ ಕೊಡುತ್ತದೆ, ಅದನ್ನು ಮರೆಯಬೇಡಿ.

ಗೇಜುಗಣ್ಣು

ಲೆಕ್ಕ ಒಪ್ಪಿದೆ. ಗೇಜ್ ಮೊದಲು ಅನ್ನುವುದನ್ನು ಬಿಡುವುದಿಲ್ಲ. ಆ 2 ಮೈಕ್ರಾನ್ ನಿಮಗೆ ಗೊತ್ತಾದದ್ದೇ ಯಾರೋ ಮೊದಲು ಗೇಜ್ ನೋಡಿದ್ದರಿಂದ.

ಅಂಕಿಅಕ್ಕ

ಅದಕ್ಕೆ ಎದುರು ಮಾತಿಲ್ಲ :)

ಹಳೇಲೇತ್

ಹೊಸಬರೇ, ಈಗ ನಿಜವಾದ ಪ್ರಶ್ನೆ. ನಿಮ್ಮ ಆಪರೇಟರ್ ಆಫ್‌ಸೆಟ್ (ಅಳತೆ ಸರಿ ಮಾಡಲು ಟೂಲ್ ಜಾಗ ಸರಿಸುವ ತಿದ್ದುಪಡಿ) ಯಾವಾಗ ಕೊಡುತ್ತಾರೆ? ಹೋಗಿ ಪಕ್ಕದಲ್ಲಿ ನಿಂತು ನೋಡಿ. ಕೇಳಬೇಡಿ, ನೋಡಿ. ಕೇಳಿದರೆ ಎಲ್ಲರೂ ‘ಬೇಕಾದಾಗ ಮಾತ್ರ’ ಅಂತಲೇ ಹೇಳುವುದು.

ಹೊಸಬ_ಕ್ವಾಲಿಟಿ

ನಿಂತು ನೋಡಿದೆ. ಗಂಟೆಗೊಮ್ಮೆ 5 ಪೀಸ್ ಅಳೆಯುತ್ತಾರೆ, ಕೊನೆಯ ಪೀಸಿನ ರೀಡಿಂಗ್ ನೋಡಿ ತಕ್ಷಣ ಆಫ್‌ಸೆಟ್ ಕೊಡುತ್ತಾರೆ. 6 ಮೈಕ್ರಾನ್ ಜಾಸ್ತಿ ಇದ್ದರೆ 6 ಕಡಿಮೆ ಮಾಡುತ್ತಾರೆ. ತುಂಬಾ ಶ್ರದ್ಧೆಯಿಂದ ಮಾಡುತ್ತಾರೆ, ಒಂದು ಗಂಟೆಯೂ ಬಿಡುವುದಿಲ್ಲ. ಆದರೆ ಗುರಿ 25.000 ಅಲ್ಲ, 25.004ರ ಆಸುಪಾಸು. ಯಾಕೆ ಅಂದರೆ ದಪ್ಪ ಆದರೆ ರೀವರ್ಕ್ ಮಾಡಬಹುದು, ಸಣ್ಣ ಆದರೆ ಸ್ಕ್ರಾಪ್ ಅಂದರು.

ಅಂಕಿಅಕ್ಕ

ಹಾಗಿದ್ದರೆ ಒಂದು ತಮಾಷೆ ನೋಡಿ. ಪ್ರೊಸೆಸ್ ತಾನಾಗಿ ಎಲ್ಲಿಗೂ ಹೋಗುತ್ತಿಲ್ಲ, ಒಳಗಿನ 5.16 ಮೈಕ್ರಾನ್ ಏರುಪೇರು ಮಾತ್ರ ಇದೆ ಅಂತ ಇಟ್ಟುಕೊಳ್ಳಿ. ಒಂದು ಪೀಸ್ ಅಕಸ್ಮಾತ್ 6 ಮೈಕ್ರಾನ್ ದಪ್ಪ ಬಂತು. ಆಪರೇಟರ್ 6 ಇಳಿಸಿದರು. ಮೆಷಿನ್ ಸರಿಯಾಗೇ ಇತ್ತು, ಈಗ ಅದು ನಿಜಕ್ಕೂ 6 ಮೈಕ್ರಾನ್ ಕೆಳಗೆ ಕೂತಿದೆ. ಮುಂದಿನ ಒಂದು ಗಂಟೆಯ ಮಾಲೆಲ್ಲ ಹಾಗೇ ಬರುತ್ತದೆ. ಅಂದರೆ ಒಂದು ಪೀಸಿನ ಗದ್ದಲವನ್ನು ಇಡೀ ಗಂಟೆಗೆ ಅಂಟಿಸಿದ ಹಾಗಾಯಿತು. ಏರುಪೇರಿನ ವರ್ಗ ಸರಿಯಾಗಿ ಎರಡರಷ್ಟಾಗುತ್ತದೆ: 26.6 ಮತ್ತೆ 26.6, ಒಟ್ಟು 53.2. ವರ್ಗಮೂಲ 7.3.

ನಿಮ್ಮ ಅಂಕಿ 7.5.

ಇಷ್ಟು ಹತ್ತಿರ ಬಂತು ಅಂದ ಮಾತ್ರಕ್ಕೆ ಕಾರಣ ಇದೇ ಅಂತ ಸಾಬೀತಾಗುವುದಿಲ್ಲ. ಆದರೆ ನಾನಾಗಿದ್ದರೆ ಬೇರೆ ಎಲ್ಲವನ್ನೂ ಬಿಟ್ಟು ಇದನ್ನೇ ಮೊದಲು ಪರೀಕ್ಷೆ ಮಾಡುತ್ತಿದ್ದೆ. ಕ್ವಾಲಿಟಿ ಗುರು ಡೆಮಿಂಗ್ ತಮ್ಮ ತರಗತಿಗಳಲ್ಲಿ ಒಂದು ಆಲಿಕೆ, ಒಂದು ಗೋಲಿ ಇಟ್ಟುಕೊಂಡು ತೋರಿಸುತ್ತಿದ್ದ ಪ್ರಯೋಗ ಇದೇ. ಗೋಲಿ ಬಿದ್ದ ಜಾಗ ನೋಡಿ ಪ್ರತಿ ಸಲ ಆಲಿಕೆ ಸರಿಸಿದರೆ ಗುರಿಯ ಸುತ್ತಲಿನ ಹರಡು ಸುಮಾರು ಶೇ 41 ಜಾಸ್ತಿಯಾಗುತ್ತದೆ. ಆಲಿಕೆಯನ್ನು ಮುಟ್ಟದೆ ಬಿಟ್ಟರೇ ಹರಡು ಕಡಿಮೆ. ಇಂಥ ಕೈಯಾಡಿಸುವಿಕೆಗೆ ಟ್ಯಾಂಪರಿಂಗ್ ಅನ್ನುತ್ತಾರೆ.

ಹಳೇಲೇತ್

ಸ್ನಾನಕ್ಕೆ ನಿಂತು ಬಿಸಿ ನಲ್ಲಿ, ತಣ್ಣೀರ ನಲ್ಲಿ ಎರಡನ್ನೂ ತಿರುಗಿಸುತ್ತಾ ಒಮ್ಮೆ ಸುಡಿಸಿಕೊಂಡು ಒಮ್ಮೆ ನಡುಗುವವರ ಕತೆ ಇದು. ಆಪರೇಟರ್ ಮೇಲೆ ಮಾತ್ರ ತಪ್ಪು ಹೊರಿಸಬೇಡಿ. ‘ರೀಡಿಂಗ್ ಜಾಸ್ತಿ ಇದ್ದರೂ ಯಾಕೆ ಸುಮ್ನಿದ್ದೆ’ ಅಂತ ಬೈದು ಬೈದು ಈ ಅಭ್ಯಾಸ ಕಲಿಸಿದ್ದು ನಾವೇ, ಅಂದರೆ ಮೇಲೆ ಕೂತವರು. ಇನ್ನು ಮುಂದೆ ಆಫ್‌ಸೆಟ್ ಕೊಡುವುದು ಐದರ ಸರಾಸರಿ ಗೆರೆ ದಾಟಿದಾಗ ಮಾತ್ರ ಅಂತ ನಿಯಮ ಮಾಡಿ. ಅದನ್ನು ಬರೆದು, ಸಾಹೇಬರ ಸಹಿ ಹಾಕಿಸಿ ಮೆಷಿನ್ ಹತ್ತಿರ ಅಂಟಿಸಿ. ಸಹಿ ಇಲ್ಲದಿದ್ದರೆ ರಾತ್ರಿ ಶಿಫ್ಟ್‌ನಲ್ಲಿ ಯಾರೂ ಪಾಲಿಸುವುದಿಲ್ಲ.

ಮೋಲ್ಡಿಂಗ್_ಮಂದಿ

ನಡುವೆ ಬಾಯಿ ಹಾಕುತ್ತಿದ್ದೇನೆ, ನನ್ನದು ಇದರ ಉಲ್ಟಾ ಕೇಸು. ಪ್ಲಾಸ್ಟಿಕ್ ಮೋಲ್ಡಿಂಗ್, ಅಚ್ಚಿನಲ್ಲಿ 4 ಕ್ಯಾವಿಟಿ (ಗುಂಡಿ), ಒಂದು ಶಾಟ್‌ಗೆ, ಅಂದರೆ ಒಂದು ಸಲ ಪ್ಲಾಸ್ಟಿಕ್ ತುಂಬಿದರೆ, 4 ಪೀಸ್. ಪ್ರತಿ ಶಾಟ್‌ನಿಂದ 4 ಪೀಸ್ ತೂಕ ಹಾಕಿ ಅದನ್ನೇ ಸಬ್‌ಗ್ರೂಪ್ ಮಾಡಿದ್ದೇವೆ. ರೇಂಜ್‌ನಿಂದಲೇ ಗೆರೆ ಹಾಕಿದ್ದೇವೆ, ಎ2 0.729. ಆದರೆ ಚುಕ್ಕೆಗಳೆಲ್ಲ ನಡುಗೆರೆಗೆ ಅಂಟಿಕೊಂಡಿವೆ, ಅಷ್ಟು ಚೆನ್ನಾಗಿದೆ. ಇಷ್ಟು ಚೆನ್ನಾಗಿದ್ದರೆ ಅನುಮಾನ ಪಡಬೇಕು ಅಂತ ಯಾರೋ ಅಂದರು. ಹೌದಾ?

ಅಂಕಿಅಕ್ಕ

ಪಡಲೇಬೇಕು. ನಿಮ್ಮ ನಾಲ್ಕು ಕ್ಯಾವಿಟಿಗಳು ಒಂದೇ ತೂಕ ಕೊಡುವುದಿಲ್ಲ, ಒಂದು ಯಾವಾಗಲೂ ಸ್ವಲ್ಪ ಭಾರ, ಇನ್ನೊಂದು ಯಾವಾಗಲೂ ಹಗುರ. ಆ ಖಾಯಂ ವ್ಯತ್ಯಾಸ ಪ್ರತಿ ಸಬ್‌ಗ್ರೂಪಿನ ರೇಂಜ್ ಒಳಗೆ ಸೇರಿಕೊಂಡು ಗೆರೆಗಳನ್ನು ಅಗಲ ಮಾಡಿದೆ. ಶಾಟ್‌ನಿಂದ ಶಾಟ್‌ಗೆ ಏನಾದರೂ ಬದಲಾದರೆ ಆ ಅಗಲದಲ್ಲಿ ಮುಳುಗಿ ಹೋಗುತ್ತದೆ. ಚಾರ್ಟ್ ಓದಲು ನೆಲ್ಸನ್ 1984ರಲ್ಲಿ ಕೊಟ್ಟ ಎಂಟು ನಿಯಮಗಳಲ್ಲಿ ಒಂದು ಇದಕ್ಕೇ ಇರುವುದು: ಸಾಲಾಗಿ 15 ಚುಕ್ಕೆ ಒಂದು ಸಿಗ್ಮಾ ಒಳಗೇ ಇದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ, ಸಬ್‌ಗ್ರೂಪ್ ಕಟ್ಟಿದ್ದು ಸರಿ ಇಲ್ಲ ಅಂತ ಅರ್ಥ.

ಒಂದೊಂದು ಕ್ಯಾವಿಟಿಗೂ ಬೇರೆ ಚಾರ್ಟ್ ಹಾಕಿ. ಅಥವಾ ನಾಲ್ಕರ ಸರಾಸರಿಯನ್ನು ಒಂದೇ ರೀಡಿಂಗ್ ಅಂತ ತೆಗೆದುಕೊಂಡು ಇಂಡಿವಿಜುವಲ್ ಮತ್ತು ಮೂವಿಂಗ್ ರೇಂಜ್ ಚಾರ್ಟ್ ಹಾಕಿ. ಅದರಲ್ಲಿ ಮೂವಿಂಗ್ ರೇಂಜ್‌ಗಳ ಸರಾಸರಿಯನ್ನು 2.66ರಿಂದ ಗುಣಿಸಿ ನಡುಗೆರೆಯ ಮೇಲೆ ಕೆಳಗೆ ಇಟ್ಟರೆ ಗೆರೆ ಸಿಕ್ಕಿತು. ಕ್ಯಾವಿಟಿಗಳ ನಡುವಿನ ವ್ಯತ್ಯಾಸವನ್ನು ಟೂಲ್ ರೂಮಿನವರ ಹತ್ತಿರ ಮಾತಾಡಿ ಸರಿ ಮಾಡಿಸಬೇಕು, ಅದನ್ನು ಚಾರ್ಟ್ ಮಾಡಿಕೊಡುವುದಿಲ್ಲ.

ಈ ವಿಷಯದಲ್ಲಿ ಕಷ್ಟ ಇರುವುದು ಸೂತ್ರದಲ್ಲಿ ಅಲ್ಲ ಅಂತ ನಾನು ಎಲ್ಲ ಹೊಸಬರಿಗೂ ಹೇಳುತ್ತೇನೆ. ಸಬ್‌ಗ್ರೂಪಿನ ಒಳಗೆ ಯಾವ ಏರುಪೇರು ಇರಬೇಕು, ನಡುವೆ ಯಾವುದು ಇರಬೇಕು ಅಂತ ತೀರ್ಮಾನಿಸುವುದರಲ್ಲಿದೆ. ಅದಕ್ಕೆ ಮೆಷಿನ್ ಗೊತ್ತಿರಬೇಕು. ಸ್ಟ್ಯಾಟಿಸ್ಟಿಕ್ಸ್ ಎಷ್ಟು ಓದಿದರೂ ಈ ಮೋಲ್ಡ್‌ಗೆ ನಾಲ್ಕು ಕ್ಯಾವಿಟಿ ಇದೆ ಅಂತ ಪುಸ್ತಕ ಹೇಳುವುದಿಲ್ಲ.

ಸುಮ್ನೆ_ಓದುಗ

ಇಷ್ಟೆಲ್ಲ ಕೈಯಲ್ಲಿ ಯಾಕೆ? ಸಾಫ್ಟ್‌ವೇರ್ ಇದೆ, ಡೇಟಾ ಹಾಕಿ ಎಂಟೂ ನಿಯಮಕ್ಕೆ ಟಿಕ್ ಮಾಡಿದರೆ ಅದೇ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಮತ್ತೆ ಡೇಟಾ ನಾರ್ಮಲ್ (ಗಂಟೆಯಾಕಾರದ ಹರಡು) ಇಲ್ಲದಿದ್ದರೆ ಇದೆಲ್ಲ ನಡೆಯುವುದಿಲ್ಲ ಅಂತ ಓದಿದ್ದೇನೆ, ಅದನ್ನು ಯಾರೂ ಹೇಳಲೇ ಇಲ್ಲ.

ಹಳೇಲೇತ್

ಎಂಟಕ್ಕೂ ಟಿಕ್ ಮಾಡಿ ನೋಡಿ, ಗೊತ್ತಾಗುತ್ತದೆ. 3 ಸಿಗ್ಮಾ ನಿಯಮ (ಚುಕ್ಕೆ ಕಂಟ್ರೋಲ್ ಗೆರೆ ದಾಟಿತಾ ಅನ್ನುವುದು) ಒಂದನ್ನೇ ಇಟ್ಟುಕೊಂಡರೆ, ಏನೂ ಕೆಟ್ಟಿಲ್ಲದ ಪ್ರೊಸೆಸ್‌ನಲ್ಲಿ ಸರಾಸರಿ 370 ಚುಕ್ಕೆಗೊಮ್ಮೆ ಸುಳ್ಳು ಅಲಾರಂ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ನಾಲ್ಕು ನಿಯಮ ಒಟ್ಟಿಗೆ ಹಾಕಿದರೆ ಸುಮಾರು 92ಕ್ಕೊಮ್ಮೆ. ಎಂಟೂ ಹಾಕಿದರೆ ಇನ್ನೂ ಬೇಗ. ಸುಳ್ಳು ಅಲಾರಂ ಹಿಂದೆ ಓಡಿ ಓಡಿ ಸುಸ್ತಾದ ಲೈನ್‌ನವರು ನಿಜವಾದದ್ದು ಬಂದಾಗ ತಿರುಗಿಯೂ ನೋಡುವುದಿಲ್ಲ. ಗೆರೆ ದಾಟಿದ ಒಂದು ಚುಕ್ಕೆ, ಒಂದೇ ಕಡೆ ಸಾಲಾಗಿ 8 ಚುಕ್ಕೆ. ಶುರುವಿಗೆ ನನಗೆ ಈ ಎರಡೇ ಸಾಕು.

ಅಂಕಿಅಕ್ಕ

ನಾರ್ಮಲ್ ಬಗ್ಗೆ: ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ಇರುವ ಒಂದು ಪುಟದ ಟಿಪ್ಪಣಿ ಬರೆದರು. ಮುಂದೆ ಅವರು 3 ಸಿಗ್ಮಾ ಗೆರೆಯನ್ನು ಸಮರ್ಥಿಸಿದ್ದು ನಾರ್ಮಲ್ ಕೋಷ್ಟಕ ತೋರಿಸಿ ಅಲ್ಲ, ಅನುಭವದಲ್ಲಿ ಲಾಭದಾಯಕವಾಗಿ ಕೆಲಸ ಮಾಡುತ್ತದೆ ಅಂತ. ಸರಾಸರಿ ಚಾರ್ಟಿಗೆ ನಾರ್ಮಲ್ ಇರಲೇಬೇಕು ಅನ್ನುವ ಹಟ ಬೇಡ. ಆದರೆ ಸಿಪಿಕೆ (ಪ್ರೊಸೆಸ್ ಡ್ರಾಯಿಂಗ್ ಮಿತಿಯೊಳಗೆ ಎಷ್ಟು ಆರಾಮಾಗಿ ಕೂರುತ್ತದೆ ಅನ್ನುವ ಅಂಕಿ) ಲೆಕ್ಕಕ್ಕೆ ಬಂದಾಗ ಹರಡಿನ ಆಕಾರ ಮುಖ್ಯ. ರನೌಟ್ (ತಿರುಗುವಾಗಿನ ಅಲುಗಾಟ), ಫ್ಲಾಟ್‌ನೆಸ್ (ಸಮತಟ್ಟು) ಥರದ ಅಳತೆಗಳು ಸೊನ್ನೆಗಿಂತ ಕೆಳಗೆ ಹೋಗುವುದೇ ಇಲ್ಲ, ಒಂದು ಕಡೆಗೆ ಬಾಲ ಎಳೆದಿರುತ್ತದೆ. ಅವಕ್ಕೆ ಕಣ್ಣುಮುಚ್ಚಿ ಸಿಪಿಕೆ ಬರೆದರೆ ಅದು ಬರೀ ಅಂಕಿ.

ಸಾಫ್ಟ್‌ವೇರ್ ಬಳಸಿ, ಬೇಡ ಅನ್ನುವುದಿಲ್ಲ. ಆದರೆ ಮೊದಲ 25 ಸಬ್‌ಗ್ರೂಪನ್ನು ಪೆನ್ಸಿಲ್ ಹಿಡಿದು ಮೆಷಿನ್ ಪಕ್ಕದಲ್ಲಿ ನಿಂತು ಹಾಕಿ. ಚುಕ್ಕೆ ಹಾಕಿದ ಕೂಡಲೇ ಪಕ್ಕದಲ್ಲಿ ಏನಾಯಿತು ಅಂತ ಬರೆಯಿರಿ: ಟೂಲ್ ಬದಲಾಯಿತು, ಹೊಸ ಬಾರ್ ಬಂತು, ಕೂಲೆಂಟ್ ತುಂಬಿಸಿದರು, ಕರೆಂಟ್ ಹೋಗಿ ಬಂತು. ಶಿಫ್ಟ್ ಮುಗಿದ ಮೇಲೆ ಆಫೀಸಿನಲ್ಲಿ ಕೂತು ಹಾಕಿದ ಚಾರ್ಟ್‌ನಲ್ಲಿ ಈ ಅಂಚಿನ ಬರಹ ಇರುವುದಿಲ್ಲ. ಕಾರಣ ಸಿಗುವುದು ಮಾತ್ರ ಅದರಲ್ಲೇ.

ಹೊಸಬ_ಕ್ವಾಲಿಟಿ

ಸಹಿ ಹಾಕಿಸಿ ಅಂಟಿಸಿದೆವು. ಮೊದಲು ಆಪರೇಟರ್‌ಗಳು ನಂಬಲಿಲ್ಲ, ರೀಡಿಂಗ್ 6 ಮೈಕ್ರಾನ್ ಜಾಸ್ತಿ ಇರುವಾಗ ಕೈ ಕಟ್ಟಿ ನಿಲ್ಲುವುದು ಹೇಗೆ ಅಂತ ಜಗಳ. ಅಂಕಿಅಕ್ಕ ಹೇಳಿದ ಆಲಿಕೆ ಪ್ರಯೋಗವನ್ನು ಎಕ್ಸೆಲ್‌ನಲ್ಲಿ ಮಾಡಿ ತೋರಿಸಿದೆ. ಒಂದು ಕಾಲಂನಲ್ಲಿ ಸುಮ್ನೆ ರ್ಯಾಂಡಮ್ ಸಂಖ್ಯೆ, ಪಕ್ಕದ ಕಾಲಂನಲ್ಲಿ ಅದೇ ಸಂಖ್ಯೆಗೆ ಪ್ರತಿ ಸಲ ಆಫ್‌ಸೆಟ್. ಎರಡು ಗ್ರಾಫ್ ಪಕ್ಕ ಪಕ್ಕ ಇಟ್ಟಾಗ ಹಿರಿಯ ಆಪರೇಟರ್ ಒಬ್ಬರು ‘ಹಾಗಾದರೆ ಇಷ್ಟು ದಿನ ನಾವೇ ಕೆಡಿಸುತ್ತಿದ್ದೆವಾ’ ಅಂದರು.

ಈಗ ರೇಂಜ್ ಚಾರ್ಟ್ ಹಾಗೇ ಇದೆ. ಸರಾಸರಿ ಚಾರ್ಟ್ ಬಹಳ ಶಾಂತವಾಗಿದೆ. ಇನ್ನೂ ಹೊರಗೆ ಬೀಳುವ ಚುಕ್ಕೆಗಳೆಲ್ಲ ಶಿಫ್ಟ್ ಶುರುವಾದ ಮೊದಲ ಗಂಟೆಯವು. ಅದು ಯಾಕೆ? ಮತ್ತೆ ಗ್ರಾಹಕರು ಸಿಪಿಕೆ 1.33 ಕೇಳುತ್ತಾರೆ, ಅದು ಬರುತ್ತದಾ?

ಹಳೇಲೇತ್

ಮೊದಲ ಗಂಟೆ ಅಂದರೆ ಮೆಷಿನ್ ಬಿಸಿಯಾಗುವ ಹೊತ್ತು. ಸ್ಪಿಂಡಲ್, ಬಾಲ್ ಸ್ಕ್ರೂ ಎಲ್ಲ ಬೆಳೆಯುತ್ತವೆ. ವಾರ್ಮ್ ಅಪ್ ಸೈಕಲ್ ಹಾಕಿ ಆಮೇಲೆ ಮಾಲು ಶುರು ಮಾಡಿ. ಜೊತೆಗೆ, ಪೀಸನ್ನು ಎಷ್ಟು ಬಿಸಿ ಇರುವಾಗ ಅಳೆಯುತ್ತಾರೆ ಅಂತ ನೋಡಿ. ಅಳತೆಗೆ ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ. 25 ಮಿಮೀ ಉಕ್ಕಿನ ಷಾಫ್ಟ್ 10 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಸುಮಾರು 3 ಮೈಕ್ರಾನ್ ದಪ್ಪ ಕಾಣುತ್ತದೆ. ನಿಮ್ಮ ಲೆಕ್ಕದಲ್ಲಿ 3 ಮೈಕ್ರಾನ್ ಸಣ್ಣದಲ್ಲ.

ಅಂಕಿಅಕ್ಕ

ಸಿಪಿಕೆ ಲೆಕ್ಕ: ಒಳಗಿನ ಸಿಗ್ಮಾ 5.16 ಇಟ್ಟುಕೊಂಡರೆ ಸಿಪಿ ಅಂದರೆ ಟಾಲರೆನ್ಸ್ ಭಾಗ 6 ಸಿಗ್ಮಾ, 40 ಭಾಗ 31, ಅದು 1.29. ನಡುಗೆರೆ 25.004ರಲ್ಲಿ ಇರುವುದರಿಂದ ಸಿಪಿಕೆ, ಅಂದರೆ ಹತ್ತಿರದ ಮಿತಿಗೆ ಇರುವ ದೂರ ಭಾಗ 3 ಸಿಗ್ಮಾ, 16 ಭಾಗ 15.5, 1.03. ಅದೇ ಲೆಕ್ಕಕ್ಕೆ ಹಳೇ ಒಟ್ಟು ಸಿಗ್ಮಾ 7.5 ಹಾಕಿದರೆ ಬರುವುದು ಪಿಪಿಕೆ, 0.71. ನಿಮ್ಮ ರಿಪೋರ್ಟ್‌ನಲ್ಲಿ ಇಷ್ಟು ದಿನ ಸಿಪಿಕೆ 1.03 ಅಂತ ಬರೆಯುತ್ತಿದ್ದರೆ, ಹೊರಗೆ ಹೋದ ಮಾಲು ಮಾತ್ರ 0.71ರದ್ದು. ಹರಡು ನಾರ್ಮಲ್ ಅಂತ ಹಿಡಿದರೆ 0.71ರಲ್ಲಿ ಸಾವಿರಕ್ಕೆ ಸುಮಾರು 17 ಪೀಸ್ ಹೊರಗೆ. ಟ್ಯಾಂಪರಿಂಗ್ ಪೂರ್ತಿ ನಿಂತು ನಡುಗೆರೆ ಅಲ್ಲೇ ಇದ್ದರೂ ಸಾವಿರಕ್ಕೆ 1ರ ಆಸುಪಾಸು.

ಇನ್ನು ಗುರಿಯನ್ನು 25.000ಕ್ಕೆ ತಂದರೆ 1.29. ಸ್ಕ್ರಾಪ್ ಆಗುವ ಭಯದಿಂದ ಮೇಲೆ ಇಟ್ಟುಕೊಂಡಿದ್ದರು, ಹರಡು ಕಡಿಮೆಯಾದ ಮೇಲೆ ಆ ಭಯಕ್ಕೆ ಕಾರಣ ಇಲ್ಲ. 1.33ಕ್ಕೆ ಸಿಗ್ಮಾ 5.0 ಆದರೆ ಸಾಕು. ಇಲ್ಲಿಂದ ಮುಂದೆ ಒಳಗಿನ ಏರುಪೇರೇ ಇಳಿಯಬೇಕು, ಅದಕ್ಕೆ ಚಾರ್ಟ್ ನೋಡುತ್ತಾ ಕೂತರೆ ಆಗುವುದಿಲ್ಲ. ಗೇಜುಗಣ್ಣು ಅವರ ಸರದಿ ಈಗ ಬಂತು: ಗೇಜ್ ದೋಷ ಪೂರ್ತಿ ಹೋದರೆ 5.16ರಿಂದ 4.75, ಸಿಪಿ 1.40. ಅರ್ಧ ಇಳಿದರೂ 1.33ಕ್ಕೆ ಕೂದಲೆಳೆ ಮೇಲೆ. ಅದಾದ ಮೇಲೆ ಫೀಡ್, ಕಟ್‌ನ ಆಳ, ಕ್ಲ್ಯಾಂಪ್ ಒತ್ತಡ ಇಂಥವನ್ನು ಬೇಕಂತಲೇ ಬದಲಾಯಿಸಿ ನೋಡುವ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್ ಕಲಿಯಿರಿ. ಕ್ಯೂಸಮ್, ಇಡಬ್ಲ್ಯೂಎಂಎ ಚಾರ್ಟ್‌ಗಳು ಸಣ್ಣ ಸರಿತವನ್ನು ಬೇಗ ಹಿಡಿಯುತ್ತವೆ ನಿಜ, ಆದರೆ ನಿಮಗೆ ಸದ್ಯಕ್ಕೆ ಬೇಡ.

ಗೇಜುಗಣ್ಣು

ನನಗೆ ಇಷ್ಟೇ ಸಾಕು.

ಹೊಸಬ_ಕ್ವಾಲಿಟಿ

ಕೊನೆಯ ಪ್ರಶ್ನೆ. ಆಫ್‌ಸೆಟ್ ಮುಟ್ಟಬೇಡಿ ಅಂದರೆ ಟೂಲ್ ಸವೆಯುತ್ತಾ ಹೋಗಿ ವ್ಯಾಸ ನಿಧಾನಕ್ಕೆ ಏರುತ್ತದೆ ಅಲ್ವಾ? ಅದಕ್ಕೆ ಗೆರೆ ದಾಟುವ ತನಕ ಕಾಯಬೇಕಾ?

ಹಳೇಲೇತ್

ಬೇಡ. ಸವೆತ ಗೊತ್ತಿರುವ ಕಾರಣ, ಗೊತ್ತಿರುವ ದಿಕ್ಕು. ಹೊಸ ಟೂಲ್ ಹಾಕಿದಾಗಿಂದ ತೆಗೆಯುವ ತನಕ ಸರಾಸರಿಗಳು ಎಷ್ಟು ಏರುತ್ತವೆ ಅಂತ ನಾಲ್ಕಾರು ಟೂಲ್‌ಗೆ ನೋಡಿ, ಇಳಿಜಾರು ಲೆಕ್ಕ ಹಾಕಿ. 100 ಪೀಸಿಗೆ 2 ಮೈಕ್ರಾನ್ ಏರುತ್ತದೆ ಅಂತ ಬಂದರೆ 100 ಪೀಸಿಗೊಮ್ಮೆ 2 ಮೈಕ್ರಾನ್ ಇಳಿಸುವ ಹಾಗೆ ಪ್ರೋಗ್ರಾಂನಲ್ಲೇ ಹಾಕಿಬಿಡಿ. ಆಗ ತಿದ್ದುಪಡಿ ನಿಂತಿರುವುದು ಸವೆತದ ಮೇಲೆ, ಆ ಹೊತ್ತಿನ ಒಂದು ರೀಡಿಂಗ್ ಮೇಲೆ ಅಲ್ಲ. ಅದರ ಮೇಲೆ ಚಾರ್ಟ್ ನಡೆಯಲಿ. ಟೂಲ್ ಮುರಿದರೆ, ಗ್ರೇಡ್ ಬದಲಾದರೆ ಆಗ ಗೆರೆ ದಾಟಿ ಹೇಳುತ್ತದೆ.

ಮತ್ತೆ ಗೆರೆಗಳನ್ನು ವಾರ ವಾರ ಹೊಸದಾಗಿ ಲೆಕ್ಕ ಹಾಕಬೇಡಿ. ವಾರ್ಮ್ ಅಪ್, ಹೊಸ ಗುರಿ, ಸವೆತದ ತಿದ್ದುಪಡಿ, ಈ ಮೂರೂ ಕೂತ ಮೇಲೆ 25 ಸಬ್‌ಗ್ರೂಪ್ ತೆಗೆದುಕೊಂಡು ಒಮ್ಮೆ ಹಾಕಿ, ಶೀಟ್‌ನಲ್ಲಿ ಆ ಸೆಲ್‌ಗಳಿಗೆ ಲಾಕ್ ಹಾಕಿಬಿಡಿ.